ಮದ್ದಿಗೆ ಮೂರು ಅರ್ಥ

ಬಿ.ಎ. ತರಗತಿಯಲ್ಲಿ ನಾನಾರ್ಥಗಳ ಪಾಠ ಬಂದಾಗಲೆಲ್ಲ ನಾನು ಕರಿಹಲಗೆಯ ಮೇಲೆ ಮೊದಲು ಬರೆಯುವ ಶಬ್ದ ‘ಮದ್ದು’. ಈ ಪುಟ್ಟ ಕನ್ನಡ ಮಾತಿಗೆ ಮೂರು ಅರ್ಥಗಳುಂಟು. ಕಾಯಿಲೆ ಬಿದ್ದವನಿಗೆ ವೈದ್ಯನು ಕೊಡುವುದು ಮದ್ದು. ಬಂದೂಕಿನ ನಳಿಗೆಗೆ ಸಿಪಾಯಿಯು ತುಂಬುವುದು ಮದ್ದು. ಆಗದವರು ಅನ್ನದಲ್ಲಿ ಬೆರೆಸಿ ಇಕ್ಕುತ್ತಾರೆಂದು ನಮ್ಮ ಅಜ್ಜಿಯರು ಅಂಜುತ್ತಿದ್ದುದೂ ಮದ್ದೇ. ಬದುಕಿಸುವುದು, ಸಿಡಿಯುವುದು, ಕೊಲ್ಲುವುದು, ಈ ಮೂರಕ್ಕೂ ಒಂದೇ ಹೆಸರು. ಯಾವ ಅರ್ಥ ಎಲ್ಲಿ ಸಲ್ಲುತ್ತದೆಂದು ತಿಳಿಯುವುದು ಹೇಗೆ? ‘ಸಂದರ್ಭದಿಂದ’ ಎಂದು ವಿದ್ಯಾರ್ಥಿಗಳು ಒಕ್ಕೊರಲಿನಿಂದ ಹೇಳುತ್ತಾರೆ. ಉತ್ತರ ಸರಿಯಾಗಿದೆಯೆಂದು ನಾನೂ ಮುಂದಿನ ಶಬ್ದಕ್ಕೆ ಹೋಗುತ್ತೇನೆ.

ಇಷ್ಟು ಸುಲಭವಾದ ಪಾಠವನ್ನು ನಾನೇ ಸರಿಯಾಗಿ ಕಲಿತಿರಲಿಲ್ಲವೆಂಬುದು ಈಚೆಗೆ ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಸಂಗದಿಂದ ತಿಳಿದುಬಂದಿತು.

ನನ್ನ ಅಣ್ಣ ಅತ್ತಿಗೆಯರು ಮೈಸೂರಿನಲ್ಲಿದ್ದಾರೆ. ಅತ್ತಿಗೆಗೆ ಒಂದು ವರ್ಷದಿಂದ ಕೈಬೆರಳುಗಳ ಸಂದುಗಳಲ್ಲಿ ನೋವು. ಬೆಳಗಿನ ಹೊತ್ತು ಬೆರಳುಗಳು ಮಡಿಚಲಾರವು. ಒದ್ದೆ ಬಟ್ಟೆ ಹಿಂಡಲಾಗದು, ನಲ್ಲಿ ತಿರುಗಿಸಲಾಗದು, ಸೌಟು ಹಿಡಿದರೆ ಕೈಜಾರುವುದು. ‘ವಯಸ್ಸಾಯಿತು’ ಎಂದು ನಕ್ಕು ತಳ್ಳಿದರು, ಎಣ್ಣೆ ಹಚ್ಚಿದರು, ಬಿಸಿನೀರಿನ ಶಾಖ ಕೊಟ್ಟರು. ಮೂವತ್ತು ವರ್ಷ ತಪ್ಪದೆ ಬಾಗಿಲ ಮುಂದೆ ರಂಗವಲ್ಲಿ ಇಟ್ಟ ಕೈ ಒಂದು ದಿನ ಚುಕ್ಕಿಗಳನ್ನೂ ಇಡಲಾರದೆ ಹೋದಾಗ, ಅಣ್ಣ ಅವರನ್ನು ಬಲವಂತದಿಂದ ದೊಡ್ಡ ವೈದ್ಯರ ಬಳಿಗೆ ಕರೆದೊಯ್ದನು. ರಕ್ತಪರೀಕ್ಷೆಯಾಯಿತು. ವೈದ್ಯರು ಇದು ರುಮಟಾಯ್ಡ್ ಸಂಧಿವಾತವೆಂದು ಹೇಳಿ ಚೀಟಿ ಬರೆದುಕೊಟ್ಟರು. ಸಾಸಿವೆಗಿಂತ ತುಸು ದೊಡ್ಡದಾದ ಪುಟ್ಟ ಮಾತ್ರೆ. ದಿನಕ್ಕೊಮ್ಮೆಯಲ್ಲ, ವಾರಕ್ಕೊಮ್ಮೆ. ಹೆಸರು ಮಿಥೊಟ್ರೆಕ್ಸೇಟ್.

ಔಷಧದಂಗಡಿಯ ಹುಡುಗ ಚೀಟಿ ನೋಡಿ, ಮಾತ್ರೆಗಳನ್ನು ಕತ್ತರಿಸಿಕೊಡುತ್ತಾ, ‘ಯಾರಿಗೆ ಸಾರ್ ಕ್ಯಾನ್ಸರು?’ ಎಂದು ಸಹಜವಾಗಿ ಕೇಳಿದನಂತೆ. ಅಣ್ಣನ ಕಾಲ ಕೆಳಗಿನ ನೆಲ ಕುಸಿಯಿತು. ವೈದ್ಯರು ರೋಗದ ನಿಜವಾದ ಹೆಸರನ್ನು ಮರೆಮಾಚಿದ್ದಾರೆಂದೇ ಅವನು ತಿಳಿದನು. ಮನೆಗೆ ಬಂದವನು ಬಾಯಿ ಬಿಡಲಿಲ್ಲ. ಅತ್ತಿಗೆಯಾದರೋ ಮಾತ್ರೆಯ ಪೊಟ್ಟಣದೊಳಗಿದ್ದ ಕಾಗದವನ್ನು ಬಿಡಿಸಿ, ಕನ್ನಡಕ ಹಾಕಿಕೊಂಡು, ಆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅದೇ ಶಬ್ದವನ್ನು ತಾವೇ ಹುಡುಕಿ ಓದಿದರು. ಅವರೂ ಬಾಯಿ ಬಿಡಲಿಲ್ಲ. ಗಂಡನಿಗೆ ತಿಳಿಯಬಾರದೆಂದು ಹೆಂಡತಿ, ಹೆಂಡತಿಗೆ ತಿಳಿಯಬಾರದೆಂದು ಗಂಡ, ಹೀಗೆ ಐದು ದಿನ ಒಂದೇ ಸೂರಿನಡಿ ಇಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ಕಣ್ಣೊರೆಸಿಕೊಂಡರು. ಮಾತ್ರೆ ಮಾತ್ರ ದೇವರ ಗೂಡಿನಲ್ಲಿ, ಕುಂಕುಮದ ಭರಣಿಯ ಪಕ್ಕದಲ್ಲಿ, ಮುಟ್ಟದೆ ಉಳಿಯಿತು.

ಆರನೆಯ ದಿನ ರಾತ್ರಿ ಅಣ್ಣ ದೂರವಾಣಿಯಲ್ಲಿ, ‘ನೀನು ಓದಿದವನು, ಏನೋ ಒಂದು ದಾರಿ ಹೇಳೋ’ ಎಂದನು. ಕನ್ನಡ ಎಂ.ಎ. ಓದಿದವನಿಗೆ ಔಷಧದ ವಿಷಯವೇನು ಗೊತ್ತು? ಆದರೂ ಮರುದಿನವೇ ಮೈಸೂರಿಗೆ ಹೊರಟೆನು. ಮೂವರೂ ಕೂಡಿ ವೈದ್ಯರ ಬಳಿಗೆ ಹೋದೆವು. ಅವರು ಎಲ್ಲವನ್ನೂ ಕೇಳಿ ನಗಲಿಲ್ಲ. ‘ತಪ್ಪು ನನ್ನದೇ ತಾಯಿ. ಆ ದಿನ ಹೊರಗೆ ಐವತ್ತು ಜನ ಕಾದಿದ್ದರು. ಎರಡು ನಿಮಿಷ ಹೆಚ್ಚಾಗಿ ಮಾತನಾಡಿದ್ದರೆ ನಿಮಗೆ ಈ ಸಂಕಟ ಇರುತ್ತಿರಲಿಲ್ಲ. ನಿಮಗೆ ಕ್ಯಾನ್ಸರ್ ಇಲ್ಲ. ಆ ಮದ್ದು ಮೊದಲು ಕ್ಯಾನ್ಸರಿಗಾಗಿ ಹುಟ್ಟಿದ್ದು ನಿಜ. ಈಗ ಅದಕ್ಕೆ ಇನ್ನೊಂದು ಕೆಲಸವೂ ಗೊತ್ತಾಗಿದೆ’ ಎಂದರು.

ಅತ್ತಿಗೆ ಅಣ್ಣನ ಮುಖ ನೋಡಿದರು. ಅಣ್ಣ ಗೋಡೆಯ ಗಡಿಯಾರ ನೋಡಿದನು. ಆ ಐದು ದಿನಗಳ ಕಥೆ ಇಬ್ಬರಿಗೂ ಆಗಲೇ ತಿಳಿದದ್ದು.

‘ಇನ್ನೊಂದು ಕೆಲಸ’ ಎಂಬ ಆ ಮಾತು ನನ್ನನ್ನು ಹಿಡಿದುಕೊಂಡಿತು. ಊರಿಗೆ ಮರಳಿದ ಮೇಲೆ ಗ್ರಂಥಾಲಯದಲ್ಲಿ ಕುಳಿತು, ವಿಜ್ಞಾನ ವಿಭಾಗದ ಗೆಳೆಯರನ್ನು ಕಾಡಿ, ತಿಳಿದುಕೊಂಡದ್ದನ್ನು ಈ ವಾರ ವಾಚಕರ ಮುಂದಿಡುತ್ತಿದ್ದೇನೆ.

ಒಂದು ಕೆಲಸಕ್ಕೆಂದು ತಯಾರಾದ ಔಷಧವು ಮತ್ತೊಂದು ಕೆಲಸಕ್ಕೆ ಒದಗುವುದು ವೈದ್ಯಶಾಸ್ತ್ರದಲ್ಲಿ ಅಪರೂಪವೇನೂ ಅಲ್ಲ. ನಮ್ಮ ‘ಮದ್ದು’ ಶಬ್ದಕ್ಕೆ ಒಪ್ಪುವ ಉದಾಹರಣೆ ನೈಟ್ರೊಗ್ಲಿಸರಿನ್. ಆಲ್ಫ್ರೆಡ್ ನೊಬೆಲನು ಡೈನಮೈಟ್ ಮಾಡಿ ಸಂಪತ್ತು ಗಳಿಸಿದ್ದು ಈ ಸ್ಫೋಟಕದಿಂದ. ಇದನ್ನೇ ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟರೆ ಎದೆನೋವು ಇಳಿಯುವುದೆಂದು ಲಂಡನ್ನಿನ ವೈದ್ಯ ವಿಲಿಯಂ ಮರೆಲ್ 1879ರಲ್ಲಿ ಪ್ರಕಟಿಸಿದನು. ನೊಬೆಲನಿಗೆ ಕೊನೆಗಾಲದಲ್ಲಿ ಹೃದಯದ ಬೇನೆ ಬಂದಾಗ ವೈದ್ಯರು ಬರೆದುಕೊಟ್ಟದ್ದು ಅದನ್ನೇ. ಜನ ಬೆದರಬಾರದೆಂದು ಅದಕ್ಕೆ ಟ್ರಿನಿಟ್ರಿನ್ ಎಂಬ ಸೌಮ್ಯವಾದ ಹೆಸರಿಟ್ಟಿದ್ದರು. ವಿಧಿಯ ಈ ವಿನೋದವನ್ನು ನೊಬೆಲನು 1896ರಲ್ಲಿ, ತಾನು ಸಾಯುವುದಕ್ಕೆ ಕೆಲವೇ ವಾರಗಳ ಮುಂಚೆ, ಪತ್ರವೊಂದರಲ್ಲಿ ಬರೆದಿದ್ದಾನೆ. ಬಂದೂಕಿನ ಮದ್ದಿಗೂ ಬದುಕಿಸುವ ಮದ್ದಿಗೂ ನಮ್ಮ ಹಿರಿಯರು ಒಂದೇ ಹೆಸರಿಟ್ಟದ್ದು ಸುಳ್ಳಾಗಲಿಲ್ಲ.

ಇನ್ನು ಅತ್ತಿಗೆಯ ಮಾತ್ರೆಯ ಕಥೆ. ಇದು ಆರಂಭವಾಗುವುದು ನಮ್ಮ ಮುಂಬಯಿಯಲ್ಲಿ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದಳು. ಬಟ್ಟೆಯ ಗಿರಣಿಗಳ ಬಡ ಬಸುರಿಯರು ರಕ್ತಹೀನತೆಯಿಂದ ಬಿಳಿಚಿಕೊಂಡು ಸಾಯುವುದೇಕೆಂದು ಹುಡುಕುವುದು ಅವಳ ಕೆಲಸ. ಯೀಸ್ಟಿನ ಸಾರವನ್ನು ಆಹಾರದೊಡನೆ ಕೊಟ್ಟರೆ ಅವರು ಚೇತರಿಸಿಕೊಳ್ಳುವರೆಂದು 1931ರಲ್ಲಿ ಅವಳು ತೋರಿಸಿದಳು. ಆ ಸಾರದಲ್ಲಿದ್ದ ಜೀವಸತ್ವವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಲ್ಯಾಟಿನ್ನಿನಲ್ಲಿ ‘ಫೋಲಿಯಂ’ ಎಂದರೆ ಎಲೆ. 1941ರಲ್ಲಿ ಅದನ್ನು ಪಾಲಕದ ಎಲೆಗಳಿಂದ ಬೇರ್ಪಡಿಸಿದ್ದರಿಂದ ಈ ಹೆಸರು. ದೇಹದಲ್ಲಿ ಹೊಸ ಜೀವಕೋಶಗಳು ಹುಟ್ಟಬೇಕಾದರೆ ಇದು ಬೇಕೇ ಬೇಕು.

ಈ ಸತ್ವವನ್ನು ಪ್ರಯೋಗಾಲಯದಲ್ಲಿ ತಯಾರಿಸುವ ಕೆಲಸ ಅಮೆರಿಕದ ಲೆಡರ್ಲೆ ಸಂಸ್ಥೆಯಲ್ಲಿ ನಡೆಯಿತು. ಅಲ್ಲಿಯ ಸಂಶೋಧನೆಯ ಮುಖ್ಯಸ್ಥರು ಎಲ್ಲಾಪ್ರಗಡ ಸುಬ್ಬರಾವ್, ಆಂಧ್ರದ ಭೀಮವರದಲ್ಲಿ 1895ರಲ್ಲಿ ಹುಟ್ಟಿದವರು. ಆನೆಕಾಲು ರೋಗಕ್ಕೆ ಇಂದಿಗೂ ಕೊಡುವ ಮಾತ್ರೆಯೂ ಅವರ ತಂಡದಿಂದಲೇ ಬಂದದ್ದು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಮಕ್ಕಳಿಗೆ ಫೋಲಿಕ್ ಆಮ್ಲದ ಜಾತಿಯ ಔಷಧಗಳನ್ನು ಕೊಟ್ಟು ನೋಡಿದರು. ಲೋಕದಲ್ಲಿ ರಕ್ತಹೀನತೆಗೆ ಒಳ್ಳೆಯದಾದದ್ದು ಇಲ್ಲಿಯೂ ಒಳ್ಳೆಯದಾದೀತೆಂಬ ಆಸೆ. ಆದದ್ದು ವಿಪರೀತ, ರೋಗ ಇನ್ನಷ್ಟು ವೇಗದಿಂದ ಬೆಳೆಯಿತು. ಬೇರೆಯವರಾಗಿದ್ದರೆ ಅಲ್ಲಿಗೇ ಕೈ ತೊಳೆದುಕೊಳ್ಳುತ್ತಿದ್ದರೇನೋ. ಫಾರ್ಬರರು ತರ್ಕವನ್ನು ತಿರುಗಿಸಿದರು. ಕೊಟ್ಟರೆ ರೋಗ ಬೆಳೆಯುವುದಾದರೆ, ಕೊಡದೆ ತಡೆದರೆ ರೋಗ ಸೊರಗಬೇಕಲ್ಲವೆ?

ಫೋಲಿಕ್ ಆಮ್ಲದಂತೆಯೇ ತೋರಿ, ಅದರ ಜಾಗದಲ್ಲಿ ಕುಳಿತು, ಅದರ ಕೆಲಸವನ್ನು ಮಾತ್ರ ಮಾಡದಿರುವ ಒಂದು ಸೋಗಿನ ವಸ್ತು ಬೇಕಾಯಿತು. ಸುಬ್ಬರಾಯರ ತಂಡದವರು ಅಂಥದೊಂದನ್ನು ಮಾಡಿಕೊಟ್ಟರು. ಅದೇ ಅಮಿನೊಪ್ಟೆರಿನ್. 1948ರ ಜೂನಿನಲ್ಲಿ ಫಾರ್ಬರರ ವರದಿ ಪ್ರಕಟವಾಯಿತು. ಹದಿನಾರು ಮಕ್ಕಳಲ್ಲಿ ಹತ್ತು ಮಕ್ಕಳು ಚೇತರಿಸಿಕೊಂಡಿದ್ದರು. ಚೇತರಿಕೆ ಕೆಲವು ತಿಂಗಳುಗಳದು ಮಾತ್ರ. ಆದರೆ ಅಲ್ಲಿಯವರೆಗೆ ಆ ರೋಗದ ಮುಂದೆ ವೈದ್ಯರ ಕೈಯಲ್ಲಿ ಏನೂ ಇರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಸುಬ್ಬರಾಯರು ತಮ್ಮ ಐವತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಮಿನೊಪ್ಟೆರಿನ್ನಿನ ತಂಗಿಯೆಂಬಂತೆ ಬಂದ, ಅದಕ್ಕಿಂತ ಸೌಮ್ಯವಾದ ಔಷಧವೇ ಮಿಥೊಟ್ರೆಕ್ಸೇಟ್. ಅತ್ತಿಗೆಯ ದೇವರ ಗೂಡಿನಲ್ಲಿದ್ದದ್ದು ಇದು.

ಹಾಗಾದರೆ ಇದು ಕ್ಯಾನ್ಸರಿನಿಂದ ಕೀಲುಗಳ ಕಡೆಗೆ ಬಂದದ್ದು ಹೇಗೆ? ನ್ಯೂಯಾರ್ಕಿನ ರಿಚರ್ಡ್ ಗುಬ್ನರ್ ಮತ್ತು ಸಂಗಡಿಗರು ಅಮಿನೊಪ್ಟೆರಿನ್ನನ್ನು ಸಂಧಿವಾತದ ಕೆಲವು ರೋಗಿಗಳಿಗೆ ಕೊಟ್ಟು ನೋಡಿದರು. ಸಂದುಗಳ ಊತ ಇಳಿಯಿತು. ಸೋರಿಯಾಸಿಸ್ ಎಂಬ ಚರ್ಮರೋಗವಿದ್ದವರ ಮೈಯೂ ತಿಳಿಯಾಯಿತು. 1951ರಲ್ಲಿ ಅವರು ಈ ವಿಷಯವನ್ನು ಪ್ರಕಟಿಸಿದರು.

ಆದರೆ ಯಾರೂ ಕಿವಿಗೊಡಲಿಲ್ಲ. ಆಗ ಎಲ್ಲರ ಕಣ್ಣೂ ಕಾರ್ಟಿಸೋನಿನ ಮೇಲೆ. ಅದರಿಂದ ಹಾಸಿಗೆ ಹಿಡಿದ ಸಂಧಿವಾತದ ರೋಗಿಗಳು ಎದ್ದು ನಡೆದದ್ದನ್ನು ಫಿಲಿಪ್ ಹೆಂಚ್ ಮೊದಲಾದವರು ತೋರಿಸಿ 1950ರ ನೊಬೆಲ್ ಬಹುಮಾನವನ್ನೇ ಪಡೆದಿದ್ದರು. ಮದುವೆಮನೆಯಲ್ಲಿ ಹೊಸ ಅಳಿಯ ಕುಳಿತಿರುವಾಗ ಮೂಲೆಯ ನೆಂಟನನ್ನು ಕೇಳುವವರಾರು? ಬಹುಕಾಲ ಕಾರ್ಟಿಸೋನ್ ತಿಂದವರ ಮೂಳೆ ಸವೆದು, ಮುಖ ಊದಿ, ಸಕ್ಕರೆ ಏರುವುದು ಕಂಡ ಮೇಲೆಯೇ ಆ ಸಂಭ್ರಮ ಇಳಿದದ್ದು. ಮೂಲೆಯ ನೆಂಟನನ್ನು ಮರೆಯದೆ ನೆಚ್ಚಿಕೊಂಡಿದ್ದವರು ಕೆಲವೇ ವೈದ್ಯರು. 1985ರ ವೇಳೆಗೆ ಕಟ್ಟುನಿಟ್ಟಾದ ಪರೀಕ್ಷೆಗಳ ಫಲಿತಾಂಶ ಬಂದಿತು. 1988ರಲ್ಲಿ ಅಮೆರಿಕದ ಸರಕಾರ ಸಂಧಿವಾತಕ್ಕೆ ಮಿಥೊಟ್ರೆಕ್ಸೇಟನ್ನು ಅಂಗೀಕರಿಸಿತು. ಕಂಡದ್ದು 1951ರಲ್ಲಿ, ಒಪ್ಪಿದ್ದು 1988ರಲ್ಲಿ. ನಡುವಣ ಮೂವತ್ತೇಳು ವರ್ಷಗಳಲ್ಲಿ ಎಷ್ಟು ಕೈಗಳು ಸೊಟ್ಟಗಾದವೋ! ಇಂದು ಈ ರೋಗಕ್ಕೆ ಪ್ರಪಂಚದಾದ್ಯಂತ ವೈದ್ಯರು ಸಾಮಾನ್ಯವಾಗಿ ಮೊದಲು ಎತ್ತಿಕೊಳ್ಳುವ ಮದ್ದು ಇದೇ.

ಇದರ ಗುಟ್ಟಿರುವುದು ಪ್ರಮಾಣದಲ್ಲಿ. ಕ್ಯಾನ್ಸರಿನಲ್ಲಿ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಇದು ಬೆಳೆಯುವ ಜೀವಕೋಶಗಳನ್ನು ಉಪವಾಸ ಕೆಡವಿ ಕೊಲ್ಲುತ್ತದೆ. ಸಂಧಿವಾತವಾದರೋ ದೇಹದ ಕಾವಲುಗಾರರೇ ಭ್ರಮೆಗೊಂಡು ತನ್ನ ಮನೆಯ ಕೀಲುಗಳ ಮೇಲೆಯೇ ಏರಿಹೋಗುವ ರೋಗ. ಅಲ್ಲಿ ವಾರಕ್ಕೊಮ್ಮೆ ಕೊಡುವ ಸಣ್ಣ ಪ್ರಮಾಣವು ಕಾವಲುಗಾರರನ್ನು ಕೊಲ್ಲದೆ ಶಾಂತಗೊಳಿಸುತ್ತದೆ. ವಸ್ತು ಒಂದೇ, ಸಂದರ್ಭ ಬೇರೆ, ಅರ್ಥ ಬೇರೆ. ಆದರೆ ಈ ಅರ್ಥಭೇದದ ಅಂಚು ಬಹು ತೆಳುವಾದದ್ದು. ವಾರಕ್ಕೊಮ್ಮೆ ನುಂಗಬೇಕಾದ ಇದನ್ನು ಮರೆತು ಪ್ರತಿದಿನವೂ ನುಂಗಿದವರು ಬಾಯಿ ಹುಣ್ಣಾಗಿ, ರಕ್ತ ಬತ್ತಿ, ಪ್ರಾಣ ಕಳೆದುಕೊಂಡ ದುರಂತಗಳು ಅನೇಕ ದೇಶಗಳಲ್ಲಿ ನಡೆದಿವೆ. ಬಸುರಿಯರಂತೂ ಇದನ್ನು ಮುಟ್ಟಲೇಬಾರದು.

ಬಸುರಿಯರ ಮಾತು ಬಂದಿತು. ಔಷಧಗಳ ಚರಿತ್ರೆಯಲ್ಲಿ ಅತ್ಯಂತ ಕರಾಳವಾದ ಹೆಸರು ಥಾಲಿಡೊಮೈಡ್. ಶಾಪಗ್ರಸ್ತವಾದ ಆ ಮದ್ದಿಗೂ ಎರಡನೆಯ ಜನ್ಮವೊಂದು ದೊರೆಯಿತೆಂಬುದನ್ನು ನಾನು ಮೊದಲು ನಂಬಲಿಲ್ಲ.

ಪಶ್ಚಿಮ ಜರ್ಮನಿಯ ಗ್ರುನೆಂತಾಲ್ ಸಂಸ್ಥೆ 1957ರ ಅಕ್ಟೋಬರಿನಲ್ಲಿ ಅದನ್ನು ಸುಖನಿದ್ರೆಯ ಮಾತ್ರೆಯೆಂದು ಮಾರಾಟಕ್ಕಿಟ್ಟಿತು. ಎಷ್ಟು ನುಂಗಿದರೂ ಅಪಾಯವಿಲ್ಲವೆಂದು ಪ್ರಚಾರ. ವೈದ್ಯರ ಚೀಟಿಯೂ ಬೇಡ. ಬಸುರಿಯರ ವಾಂತಿ ಸಂಕಟಕ್ಕೂ ಒಳ್ಳೆಯದೆಂದು ಹಲವು ದೇಶಗಳಲ್ಲಿ ಅದನ್ನು ಕೊಟ್ಟರು. ಸ್ವಲ್ಪಕಾಲದಲ್ಲಿಯೇ ಕೈಗಳಿಲ್ಲದ, ಭುಜದಿಂದಲೇ ಬೆರಳು ಮೂಡಿದ ಶಿಶುಗಳು ಹುಟ್ಟತೊಡಗಿದವು. 1961ರ ಕೊನೆಯಲ್ಲಿ ಹ್ಯಾಂಬರ್ಗಿನ ವಿಡುಕಿಂಡ್ ಲೆನ್ಜ್, ಆಸ್ಟ್ರೇಲಿಯದ ವಿಲಿಯಂ ಮೆಕ್‌ಬ್ರೈಡ್ ಎಂಬಿಬ್ಬರು ವೈದ್ಯರು ಬೇರೆ ಬೇರೆಯಾಗಿ ಇದಕ್ಕೆ ಈ ಮಾತ್ರೆಯೇ ಕಾರಣವೆಂದು ಎಚ್ಚರಿಸಿದರು. ಮಾರಾಟ ನಿಲ್ಲುವಷ್ಟರಲ್ಲಿ ಪ್ರಪಂಚದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಹೀಗೆ ಹುಟ್ಟಿದ್ದರೆಂದು ಅಂದಾಜು. ಅಮೆರಿಕ ಮಾತ್ರ ಬಹುಮಟ್ಟಿಗೆ ಪಾರಾಯಿತು. ಅಲ್ಲಿಯ ಔಷಧ ನಿಯಂತ್ರಣ ಕಚೇರಿಯ ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳೆ, ಕಂಪನಿಯವರು ಎಷ್ಟು ಒತ್ತಾಯಿಸಿದರೂ, ‘ಸಾಕಷ್ಟು ಆಧಾರ ತೋರಿಸಿ’ ಎಂದು ಪಟ್ಟುಹಿಡಿದು ಅಪ್ಪಣೆ ಕೊಡದೆ ಕುಳಿತಿದ್ದರು. 1962ರಲ್ಲಿ ಅಧ್ಯಕ್ಷ ಕೆನಡಿಯವರು ಆಕೆಯನ್ನು ಗೌರವಿಸಿದರು. ಕಚೇರಿಯ ಮೇಜಿನ ಮೇಲೆ ಕಡತವೊಂದು ಮುಂದಕ್ಕೆ ಹೋಗದೆ ಕುಳಿತದ್ದರಿಂದ ಲೋಕಕ್ಕೆ ಉಪಕಾರವಾದ ಪ್ರಸಂಗ ಇದೊಂದೇ ಇರಬೇಕು!

ಆ ಮಾತ್ರೆಯ ಹೆಸರು ಕೇಳಿದರೆ ಜನ ಬೆಚ್ಚುತ್ತಿದ್ದ ಕಾಲ. 1964ರಲ್ಲಿ ಜೆರೂಸಲೇಮಿನ ಕುಷ್ಠರೋಗದ ಆಸ್ಪತ್ರೆಯಲ್ಲಿ ಜೇಕಬ್ ಷೆಸ್ಕಿನ್ ಎಂಬ ವೈದ್ಯರಿದ್ದರು. ಕುಷ್ಠದಲ್ಲಿ ಕೆಲವರಿಗೆ ಮೈಯೆಲ್ಲ ಉರಿಯುವ ಗಂಟುಗಳೆದ್ದು, ಜ್ವರ ಬಂದು, ಹೊದಿಕೆ ತಾಗಿದರೂ ಸಹಿಸಲಾಗದಂಥ ನೋವು ಬರುವುದುಂಟು. ಅಂಥ ಒಬ್ಬ ರೋಗಿಗೆ ಯಾವ ಮದ್ದಿನಿಂದಲೂ ನಿದ್ದೆ ಬಾರದು. ಆಸ್ಪತ್ರೆಯಲ್ಲಿ ಉಳಿದುಹೋಗಿದ್ದ ಥಾಲಿಡೊಮೈಡ್ ಮಾತ್ರೆಗಳನ್ನು ಷೆಸ್ಕಿನ್ ಕೊಟ್ಟರು. ಒಂದು ರಾತ್ರಿಯಾದರೂ ಈ ಮನುಷ್ಯ ಕಣ್ಣು ಮುಚ್ಚಲಿ ಎಂಬುದಷ್ಟೇ ಅವರ ಉದ್ದೇಶ. ನಿದ್ದೆಯೇನೋ ಬಂದಿತು. ನಿದ್ದೆಯೊಡನೆ ನೋವೂ ಹೋಯಿತು. ಕೆಲವೇ ದಿನಗಳಲ್ಲಿ ಗಂಟುಗಳೂ ಇಳಿದವು. ಇತರ ರೋಗಿಗಳಿಗೂ ಕೊಟ್ಟು ನೋಡಿದರು. ಮತ್ತೆ ಅದೇ ಫಲ. 1965ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕೆಲ್ಸಿಯವರು ಬಾಗಿಲು ಹಾಕಿದ್ದ ಅದೇ ಅಮೆರಿಕ ಈ ಒಂದು ಉಪಯೋಗಕ್ಕೆಂದು 1998ರಲ್ಲಿ, ಕಠಿಣವಾದ ಕಟ್ಟಳೆಗಳೊಡನೆ, ಬಾಗಿಲು ತೆರೆಯಿತು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಥಾಲಿಡೊಮೈಡ್ ಹೊಸ ರಕ್ತನಾಳಗಳ ಬೆಳವಣಿಗೆಯನ್ನು ತಡೆಯುತ್ತದೆಂದು 1994ರಲ್ಲಿ ಬಾಸ್ಟನ್ನಿನ ಸಂಶೋಧಕರು ಕಂಡುಕೊಂಡರು. ಕೂಸಿನ ಕೈಕಾಲು ಬೆಳೆಯಲು ಬಿಡದ ಗುಣವೇ ಕ್ಯಾನ್ಸರಿನ ಗಡ್ಡೆಯನ್ನೂ ಬೆಳೆಯಲು ಬಿಡದೇ ಹೋದೀತಲ್ಲವೆ ಎಂಬ ಆಲೋಚನೆ ಬಂದಿತು. ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಮೈಲೋಮ ಎಂಬ ಕ್ಯಾನ್ಸರಿನಲ್ಲಿ, ಬೇರೆ ಎಲ್ಲ ಚಿಕಿತ್ಸೆಯೂ ಸೋತ 84 ರೋಗಿಗಳ ಪೈಕಿ ಸುಮಾರು ಮೂರರಲ್ಲೊಂದು ಪಾಲು ಜನರಿಗೆ ಗುಣ ಕಂಡಿತೆಂದು 1999ರಲ್ಲಿ ವರದಿಯಾಯಿತು. ಈ ಮದ್ದು ದೇಹದಲ್ಲಿ ಯಾವ ವಸ್ತುವನ್ನು ಹಿಡಿದು ಈ ಅನಾಹುತಗಳನ್ನು ಮಾಡುತ್ತದೆಂಬುದನ್ನು ಜಪಾನಿನ ವಿಜ್ಞಾನಿಗಳು 2010ರಲ್ಲಿ ಬಯಲಿಗೆಳೆದರು. ಇಂದು ಅದರ ವಂಶದ ಹೊಸ ಮಾತ್ರೆಗಳಿಂದ ಮೈಲೋಮದ ರೋಗಿಗಳು ಎಷ್ಟೋ ವರ್ಷ ಹೆಚ್ಚಾಗಿ ಬಾಳುತ್ತಿದ್ದಾರೆ.

ಶಾಪ ಕಳೆಯಿತೆ? ಇಲ್ಲ. ಬ್ರೆಜಿಲ್ ದೇಶದಲ್ಲಿ ಕುಷ್ಠಕ್ಕೆಂದು ಈ ಮಾತ್ರೆಯನ್ನು ಹಂಚಿದಾಗ ಮತ್ತೆ ಅಂಗಹೀನ ಶಿಶುಗಳು ಹುಟ್ಟಿದವು. ಮಾತ್ರೆಯ ಪೊಟ್ಟಣದ ಮೇಲೆ ಬಸುರಿ ಹೆಂಗಸಿನ ಚಿತ್ರ ಬರೆದು ಅದರ ಮೇಲೆ ಅಡ್ಡಗೀಟು ಎಳೆದಿದ್ದರು. ‘ಬಸುರಿಯರು ನುಂಗಬಾರದು’ ಎಂದು ಅದರ ಅರ್ಥ. ಓದುಬರಹವಿಲ್ಲದ ಕೆಲವರು ಅದನ್ನು ‘ಇದನ್ನು ನುಂಗಿದರೆ ಬಸುರಾಗುವುದಿಲ್ಲ’ ಎಂದು ತಿಳಿದುಕೊಂಡರೆಂದು ವರದಿಯಾಗಿದೆ. ಚಿತ್ರ ಒಂದೇ, ಅರ್ಥ ಎರಡು. ಶಬ್ದಾರ್ಥ ವಿಚಾರವು ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ ಮಾತ್ರವೆಂದು ತಿಳಿದಿರುವ ನನ್ನ ವಿದ್ಯಾರ್ಥಿಗಳಿಗೆ ಈ ಕಥೆಯನ್ನು ನಾನಿನ್ನು ಪ್ರತಿವರ್ಷ ಹೇಳುವವನಿದ್ದೇನೆ.

ಇಷ್ಟು ಓದಿದ ಮೇಲೆ ವಾಚಕರಲ್ಲಿ ಕೆಲವರಿಗೆ ಅನ್ನಿಸಬಹುದು: ‘ಹಾಗಾದರೆ ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಮಾತ್ರೆಗಳಲ್ಲಿ ಇನ್ನೂ ಎಷ್ಟು ಗುಣಗಳು ಅಡಗಿವೆಯೋ, ನಾವೇ ಏಕೆ ನೋಡಬಾರದು?’ ಇದಕ್ಕೆ ಉತ್ತರವನ್ನು 2020ನೆಯ ವರ್ಷ ನಮಗೆ ಕೊಟ್ಟಿದೆ.

ಆ ವಸಂತದಲ್ಲಿ ಕೊರೋನ ವ್ಯಾಧಿ ಹಬ್ಬಿದಾಗ ಹೊಸ ಮದ್ದು ಹುಡುಕಲು ಯಾರಿಗೂ ವೇಳೆಯಿರಲಿಲ್ಲ. ಎಲ್ಲರೂ ಹಳೆಯ ಕಪಾಟುಗಳನ್ನೇ ಜಾಲಾಡಿದರು. ಮಲೇರಿಯಕ್ಕೆಂದು ಬಂದು, ಸಂಧಿವಾತಕ್ಕೂ ಒದಗಿದ್ದ ಹೈಡ್ರಾಕ್ಸಿಕ್ಲೋರೊಕ್ವಿನ್ ಮೂರನೆಯ ಅವತಾರ ಎತ್ತಿತು. ಪ್ರಭುಗಳು ಹೊಗಳಿದರು, ಪತ್ರಿಕೆಗಳು ಬರೆದವು, ಜನ ಅಂಗಡಿಗಳಿಗೆ ಮುತ್ತಿದರು. ಪ್ರತಿದಿನವೂ ಅದನ್ನೇ ನೆಚ್ಚಿಕೊಂಡಿದ್ದ ಸಂಧಿವಾತದ ರೋಗಿಗಳಿಗೆ ಮಾತ್ರೆ ಸಿಕ್ಕದೇ ಹೋಯಿತು. ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡಿನ ವೈದ್ಯರು ಇದೇ ಹೊತ್ತಿಗೆ ಶಾಂತರಾಗಿ ಒಂದು ಕೆಲಸ ಮಾಡಿದರು. ಆಸ್ಪತ್ರೆಗೆ ಬಂದ ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೆ ಒಂದೊಂದು ಹಳೆಯ ಮದ್ದು ಕೊಟ್ಟು, ಒಂದು ಗುಂಪಿಗೆ ಯಾವುದನ್ನೂ ಹೆಚ್ಚಾಗಿ ಕೊಡದೆ, ಇಪ್ಪತ್ತೆಂಟು ದಿನಗಳ ಅನಂತರ ಉಳಿದವರೆಷ್ಟು ಅಳಿದವರೆಷ್ಟು ಎಂದು ಎಣಿಸಿದರು. ಜೂನಿನ ಮೊದಲಲ್ಲಿ ಮೊದಲ ಲೆಕ್ಕ ಹೊರಬಿದ್ದಿತು. ಹೈಡ್ರಾಕ್ಸಿಕ್ಲೋರೊಕ್ವಿನ್ ತೆಗೆದುಕೊಂಡವರಲ್ಲಿ ಸತ್ತವರು ನೂರಕ್ಕೆ 25.7, ತೆಗೆದುಕೊಳ್ಳದವರಲ್ಲಿ 23.5. ಎಂದರೆ ಏನೂ ಪ್ರಯೋಜನವಿಲ್ಲ.

ಅದೇ ತಿಂಗಳ 16ರಂದು ಇನ್ನೊಂದು ಲೆಕ್ಕ ಬಂದಿತು. ಡೆಕ್ಸಮೆಥಸೋನ್ ಎಂಬುದು ಅರುವತ್ತು ವರ್ಷ ಹಳೆಯದಾದ, ಕೆಲವೇ ಕಾಸಿಗೆ ಸಿಕ್ಕುವ ಔಷಧ. ಕಾರ್ಟಿಸೋನಿನ ಕುಲಕ್ಕೆ ಸೇರಿದ್ದು. ಅದರ ಮೇಲೆ ಯಾರೂ ಅಂಥ ಭರವಸೆ ಇಟ್ಟಿರಲಿಲ್ಲ. ಯಂತ್ರದಿಂದ ಉಸಿರಾಡುತ್ತಿದ್ದವರಲ್ಲಿ, ಇದಿಲ್ಲದೆ ನೂರಕ್ಕೆ 41 ಜನ ಸತ್ತರೆ, ಇದನ್ನು ಕೊಟ್ಟಾಗ ಸತ್ತವರು 29 ಮಾತ್ರ. ಆಮ್ಲಜನಕ ಪಡೆಯುತ್ತಿದ್ದವರಿಗೂ ಲಾಭವಾಯಿತು. ಆದರೆ ಆಮ್ಲಜನಕವೇ ಬೇಡವಾಗಿದ್ದ ಸೌಮ್ಯ ರೋಗಿಗಳಿಗೆ ಲಾಭವಿಲ್ಲ, ಕೇಡಾಗುವ ಸಂಭವವೂ ಕಂಡಿತು. ಮತ್ತೆ ಅದೇ ಮಾತು, ಸಂದರ್ಭ. ಈ ಕೊನೆಯ ವಾಕ್ಯವನ್ನು ಓದದೆ ಬಿಟ್ಟುದರ ಫಲವನ್ನು 2021ರ ಬೇಸಗೆಯಲ್ಲಿ ನಾವು ಕಣ್ಣಾರೆ ಕಂಡೆವು. ಸಣ್ಣ ಜ್ವರಕ್ಕೂ ಈ ಜಾತಿಯ ಮಾತ್ರೆಗಳನ್ನು ಮನೆಯಲ್ಲಿಯೇ ನುಂಗಿದವರಲ್ಲಿ ಎಷ್ಟೋ ಮಂದಿಗೆ ಸಕ್ಕರೆ ಏರಿತು. ಕಪ್ಪು ಶಿಲೀಂಧ್ರವೆಂಬ ಹೊಸ ಹೆಸರು ನಮ್ಮ ಕರ್ನಾಟಕದಲ್ಲಿಯೂ ಮನೆಮಾತಾಗಿ, ಕಣ್ಣುಗಳನ್ನೂ ಪ್ರಾಣಗಳನ್ನೂ ಕೊಂಡೊಯ್ಯಿತು. ವೈದ್ಯರು ಅದಕ್ಕೆ ಹೇಳಿದ ಮುಖ್ಯ ಕಾರಣಗಳಲ್ಲಿ ಒಂದು, ಹತೋಟಿ ತಪ್ಪಿದ ಮಧುಮೇಹ. ಇನ್ನೊಂದು, ವಿವೇಚನೆಯಿಲ್ಲದೆ ಬಳಸಿದ ಈ ಮಾತ್ರೆಗಳು.

ಆದ್ದರಿಂದ ಹಳೆಯ ಮದ್ದಿಗೆ ಹೊಸ ಉಪಯೋಗ ಕಾಣಬೇಕಾದರೆ ಎರಡು ಗುಣಗಳು ಬೇಕು. ಮೊದಲನೆಯದು ಷೆಸ್ಕಿನ್ನರ ಕಣ್ಣು. ನಿದ್ದೆಗೆಂದು ಕೊಟ್ಟ ಮಾತ್ರೆಯಿಂದ ಗಂಟು ಇಳಿದದ್ದನ್ನು ಕಂಡೂ ಕಾಣದಂತೆ ಹೋಗದಿರುವ ಕಣ್ಣು. ಎರಡನೆಯದು ಕೆಲ್ಸಿಯವರ ಹಟ. ಆಧಾರ ತೋರಿಸುವವರೆಗೆ ಒಪ್ಪದಿರುವ ಹಟ. ಒಂದೇ ಇದ್ದರೆ ಸಾಲದು.

ಮೂರನೆಯದೊಂದೂ ಬೇಕು, ಅದು ಹಣ. ಹೊಸ ಔಷಧವೊಂದನ್ನು ಕಂಡುಹಿಡಿದ ಕಂಪನಿಗೆ ಕೆಲವು ವರ್ಷ ಅದನ್ನು ತಾನೊಬ್ಬನೇ ಮಾರುವ ಹಕ್ಕಿರುತ್ತದೆ. ಪರೀಕ್ಷೆಗಳಿಗೆ ಸುರಿದ ಹಣವನ್ನು ಅದರಿಂದ ಹಿಂದಕ್ಕೆ ಪಡೆಯಬಹುದು. ಹಕ್ಕಿನ ಅವಧಿ ಮುಗಿದು, ಯಾರು ಬೇಕಾದರೂ ಮಾಡಿ ಮಾರಬಹುದಾದ ಮಾತ್ರೆಗೆ ಇನ್ನೊಂದು ಗುಣವಿದೆಯೆಂದು ತೋರಿಸಲು ಯಾವ ವ್ಯಾಪಾರಿ ಬಂಡವಾಳ ಹಾಕಿಯಾನು? ಊರ ಹೊರಗಿನ ಹಳೆಯ ಕೆರೆಯ ಹೂಳೆತ್ತುವವರಿಲ್ಲ, ಹೊಸ ಕೊಳವೆಬಾವಿ ತೋಡುವವರು ಬೇಕಾದಷ್ಟು. ಆಕ್ಸ್‌ಫರ್ಡಿನ ಆ ಪರೀಕ್ಷೆ ನಡೆದದ್ದು ಮುಖ್ಯವಾಗಿ ಸಾರ್ವಜನಿಕ ಹಣದಿಂದ. ಅಗ್ಗದ ಔಷಧಗಳನ್ನು ಜಗತ್ತಿಗೆಲ್ಲ ಮಾಡಿ ಹಂಚುವ ನಮ್ಮ ದೇಶ, ಅವುಗಳಲ್ಲಿ ಅಡಗಿರುವ ಗುಣಗಳನ್ನು ಪರೀಕ್ಷಿಸುವುದಕ್ಕೂ ಸರಕಾರದ ಬೊಕ್ಕಸವನ್ನು ತುಸು ತೆರೆದರೆ ಬಡವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಅದು ದೊಡ್ಡವರ ಕೆಲಸ. ನಮ್ಮ ನಿಮ್ಮಂಥ ಸಂಸಾರಿಗಳು ಮಾಡಬಹುದಾದದ್ದು ಚಿಕ್ಕದು. ಚೀಟಿ ಕೈಗೆ ಬಂದಾಗ ಎದ್ದುಬಿಡದೆ ಮೂರು ಪ್ರಶ್ನೆ ಕೇಳಬೇಕು. ಇದನ್ನು ನನಗೆ ಯಾವ ಕಾಯಿಲೆಗೆಂದು ಕೊಡುತ್ತಿದ್ದೀರಿ? ದಿನಕ್ಕೋ, ವಾರಕ್ಕೋ, ಎಷ್ಟು ಕಾಲ? ಏನಾದರೆ ನಿಲ್ಲಿಸಿ ನಿಮ್ಮ ಬಳಿಗೆ ಬರಬೇಕು? ಹೊರಗೆ ಐವತ್ತು ಜನ ಕಾದಿದ್ದರೂ ಇದಕ್ಕೆ ಎರಡು ನಿಮಿಷ ಸಾಕು. ಆ ಎರಡು ನಿಮಿಷದ ಬೆಲೆ ಎಷ್ಟೆಂದು ನಮ್ಮ ಅಣ್ಣನನ್ನು ಕೇಳಬೇಕು. ಕೇಳದೆ ಉಳಿದ ಪ್ರಶ್ನೆಗೆ ಅಂಗಡಿಯ ಹುಡುಗ ಉತ್ತರ ಹೇಳಿಬಿಡುತ್ತಾನೆ. ಅವನು ಹೇಳಿದ್ದು ಸುಳ್ಳೂ ಅಲ್ಲ, ನಿಜವೂ ಅಲ್ಲ.

ಅತ್ತಿಗೆ ಗುರುವಾರಗಳಂದು ಒಪ್ಪೊತ್ತು ಇರುವವರು. ರಾಯರ ವಾರವನ್ನು ಅವರು ಮರೆತದ್ದಿಲ್ಲ. ವೈದ್ಯರು ಅದನ್ನೇ ಹಿಡಿದು, ‘ಗುರುವಾರ ಊಟವಾದ ಮೇಲೆ ಈ ಮಾತ್ರೆ, ಬೇರೆ ಯಾವ ವಾರವೂ ಕೂಡದು. ಶನಿವಾರ ಫೋಲಿಕ್ ಆಮ್ಲದ ಮಾತ್ರೆ’ ಎಂದು ಗೊತ್ತುಮಾಡಿದರು. ಲೂಸಿ ವಿಲ್ಸಳು ಮುಂಬಯಿಯಲ್ಲಿ ಹುಡುಕಿದ ಸತ್ವ ಇಲ್ಲಿ ಮತ್ತೆ ಬಂದಿತು, ತನ್ನ ಸೋಗಿನವನ ಉಪದ್ರವವನ್ನು ತಗ್ಗಿಸುವುದಕ್ಕೆ. ಗಂಡಸರಾದ ನಮ್ಮ ಅಣ್ಣನಿಗೂ ಒಂದು ಕೆಲಸ ದೊರೆಯಿತು. ಗೋಡೆಯ ಪಂಚಾಂಗದಲ್ಲಿ ಗುರುವಾರಗಳಿಗೆ ಕೆಂಪು ಸುತ್ತು ಹಾಕುವುದು, ರಕ್ತಪರೀಕ್ಷೆಯ ದಿನ ತಪ್ಪದೆ ಕರೆದೊಯ್ಯುವುದು.

ಮೊದಲ ಆರು ವಾರ ಏನೂ ತಿಳಿಯಲಿಲ್ಲ. ಈ ಮದ್ದು ನಿಧಾನದ್ದು ಎಂದು ವೈದ್ಯರು ಮೊದಲೇ ಹೇಳಿದ್ದರಿಂದ ಅವರು ಬಿಡಲಿಲ್ಲ. ಮೂರು ತಿಂಗಳಾದ ಮೇಲೆ ಕಳೆದ ವಾರ ಮೈಸೂರಿಗೆ ಹೋಗಿದ್ದೆ. ಬೆಳಿಗ್ಗೆ ಬಸ್ಸಿನಿಂದಿಳಿದು ಮನೆಯ ಮುಂದೆ ಬಂದಾಗ ಬಾಗಿಲಲ್ಲಿ ರಂಗವಲ್ಲಿ ಇತ್ತು. ಮೊದಲಿನಂತೆ ಹದಿನೈದು ಚುಕ್ಕಿಯ ತೇರಲ್ಲ. ಐದೇ ಚುಕ್ಕಿಯದು, ಒಂದು ಕಡೆ ಗೆರೆ ತುಸು ಓರೆ. ನಾನು ಅದನ್ನು ತುಳಿಯದಂತೆ ಸುತ್ತಿಕೊಂಡು ಒಳಗೆ ಹೋದೆನು.